ಮೊದಲು ಜೋಕು, ಆಮೇಲೆ ಚಾಕಲೇಟು

ಡೆಲ್ಮರ್ ಕ್ಲಾಸನ್ ಟೈರು ಕಾರ್ಖಾನೆಯಿಂದ ನಿವೃತ್ತನಾದಾಗ ಜೊತೆಯವರು ಸೇರಿ ಒಂದು ಗೋಡೆ ಗಡಿಯಾರ ಕೊಟ್ಟರು. ಅದರ ಟಿಕ್ ಟಿಕ್ ಅವನಿಗೆ ಒಂದು ದಿನವೂ ಕೇಳಿಸಲಿಲ್ಲ. ವಯಸ್ಸೆಲ್ಲ ಟೈರು ಅಚ್ಚು ಹಾಕುವ ಮೆಷಿನ್ನುಗಳ ಮಧ್ಯೆ ಕಳೆದು ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಉಳಿದಿತ್ತು. ಕಿವಿಗೆ ಹಾಕುವ ಯಂತ್ರ ಕೊಂಡಿದ್ದ. ಹಾಕಿಕೊಂಡರೆ ಜನರ ಮಾತಿಗಿಂತ ಫ್ರಿಜ್ಜಿನ ಗೊರಗೊರವೇ ಜೋರು ಅಂತ ಅದನ್ನು ಡ್ರಾಯರಿಗೆ ಎಸೆದಿದ್ದ. ಕಿವಿ ಕೇಳಿಸುವುದಿಲ್ಲ ಅಂತ ಬಾಯಿಬಿಟ್ಟು ಹೇಳಲೂ ಅವನಿಗೆ ಇಷ್ಟವಿರಲಿಲ್ಲ. ದೊಡ್ಡವರ ಹತ್ತಿರ ತುಟಿ ನೋಡಿ, ತಲೆಯಾಡಿಸಿ ನಿಭಾಯಿಸುತ್ತಿದ್ದ. ಎದುರುಮನೆಯವಳಾದ ನನಗೇ ಅದು ಸರಿಯಾಗಿ ತಿಳಿಯಲು ವರ್ಷಗಳು ಬೇಕಾದವು.

ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದವರಿಗೆ ಒಂದೊಂದು ಸಲ ಒಂದೊಂದು ಕಥೆ. ನನ್ನ ಹತ್ತಿರ ಮಾತ್ರ ಒಮ್ಮೆ, "ಅವಳು ಹೂಂ ಅಂದಿದ್ದು ನಂಗೆ ಕೇಳಿಸಲಿಲ್ಲ ಅನ್ಸುತ್ತೆ" ಅಂದಿದ್ದ. ತಮಾಷೆಯೋ ನಿಜವೋ ಗೊತ್ತಿಲ್ಲ. ಎರಡು ಬೀದಿ ಆಚೆ ಅವನ ಅಕ್ಕ ಆರ್ಡಿಸ್ ಇದ್ದಳು. ಚರ್ಚಿನ ಅಡುಗೆಮನೆಯಲ್ಲಿ ಅವಳದೇ ದರ್ಬಾರು. ಭಾನುವಾರ ಮಧ್ಯಾಹ್ನ ಅವಳು ಮಾಡಿದ ಹುರಿದ ಹಂದಿಮಾಂಸ ತಿಂದು, ಬೈಸಿಕೊಂಡು ಬರುತ್ತಿದ್ದ. ವರ್ಷವೆಲ್ಲ ಹೀಗೇ ಸಪ್ಪಗೆ ಇರುತ್ತಿದ್ದ ಮನುಷ್ಯನಿಗೆ ಜೀವ ಬರುತ್ತಿದ್ದುದು ಅಕ್ಟೋಬರ್ ಮೂವತ್ತರ ಸಂಜೆ.

ಅಮೆರಿಕದ ಬೇರೆ ಕಡೆ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಮಿಠಾಯಿ ಬೇಡುವುದು ಮೂವತ್ತೊಂದಕ್ಕೆ, ನಮ್ಮ ಡಿಮೊಯ್ನಿನಲ್ಲಿ ಆವತ್ತೇ. ಸುಮ್ಮನೆ ಚೀಲ ಒಡ್ಡಿದರೆ ಆಗುವುದಿಲ್ಲ, ಪ್ರತಿ ಬಾಗಿಲಲ್ಲೂ ಒಂದು ಜೋಕು ಹೇಳಬೇಕು. ಬೇರೆ ಮನೆಗಳಲ್ಲಿ ಹೇಳಿದ ಶಾಸ್ತ್ರ ಮಾಡಿದರೆ ಸಾಕಿತ್ತು. ಡೆಲ್ಮರ್ ಹಾಗಲ್ಲ. ಮನೆಮುಂದಿನ ಜಗಲಿಯಲ್ಲಿ ಅಡುಗೆಮನೆಯ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಮಗು ಮೆಟ್ಟಿಲು ಹತ್ತಿ ಬಂದು ಅವನ ಬಲಗಿವಿಯ ಹತ್ತಿರ ಬಾಗಿ ಹೇಳಬೇಕು. ಕೇಳಿ, ಯೋಚನೆ ಮಾಡಿ, ಆಮೇಲೆ ಹೊಟ್ಟೆ ಹಿಡಿದು ನಗುತ್ತಿದ್ದ. ಹೇಳಲು ಗೊತ್ತಿಲ್ಲದ ಮಗುವಿಗೆ ತಾನೇ ಒಂದು ಜೋಕು ಕಲಿಸುತ್ತಿದ್ದ. ಕೊಡುತ್ತಿದ್ದುದು ಅಂಗಡಿಯಲ್ಲಿ ಸಿಗುವ ದೊಡ್ಡ ಗಾತ್ರದ ಚಾಕಲೇಟು. ಅದಕ್ಕೇ ಅವನ ಮೆಟ್ಟಿಲ ಮುಂದೆ ಯಾವಾಗಲೂ ಸಾಲು.

ಒಂದು ವರ್ಷ ಬೇಸಿಗೆಯಲ್ಲಿ ನನ್ನ ಪಕ್ಕದ ಮನೆಗೆ ಅರಿಜೋನಾ ಕಡೆಯಿಂದ ಕ್ರಿಸ್ಟಾ ಬೋಮನ್ ಬಂದಳು. ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ, ಏಳು ವರ್ಷದ ಮಗಳು ಟೆಸ್ಸಾ, ಗಂಡ ಇಲ್ಲ. ಮಾತು ಕಮ್ಮಿ. ಬಂದ ವಾರದಲ್ಲೇ ಬಾಗಿಲಿಗೆ ಎರಡು ಹೊಸ ಬೀಗ ಹಾಕಿಸಿದ್ದಳು.

ಮೂವತ್ತರ ಸಂಜೆ ಆರು ಗಂಟೆಗೆ ಅವಳು ಹುಲ್ಲು ತುಳಿದುಕೊಂಡು ನನ್ನ ಮನೆಗೆ ಬಂದಳು.

"ಯಾರೋ ಮಕ್ಕಳು ನಮ್ಮ ಬಾಗಿಲು ಬಡೀತಿದಾರೆ. ಒಬ್ಬ ಆಚೆಯಿಂದಲೇ ಹಸುವಿನ ಬಗ್ಗೆ ಏನೋ ಕೂಗಿದ. ಒಳಗೆ ಯಾರಿದಾರೆ ಅಂತ ತಿಳ್ಕೊಳ್ಳೋಕೆ ಯಾರಾದ್ರೂ ಹೀಗೆ ಕಳಿಸ್ತಾರಾ?"

"ಮಿಠಾಯಿಗೆ ಬಂದಿರೋದು ಕ್ರಿಸ್ಟಾ. ನಮ್ಮಲ್ಲಿ ಇವತ್ತೇ. ಆರರಿಂದ ಎಂಟು."

"ಇವತ್ತು ಮೂವತ್ತು."

"ಹೌದು. ನಾಳೆ ಹುಡುಗರು ಪುಂಡಾಟ ಮಾಡ್ತಾರೆ ಅಂತ ಹಿಂದಿನೋರು ಒಂದಿನ ಮುಂಚೆ ಇಟ್ಟುಬಿಟ್ರು."

"ಹಸು?"

"ಅದು ಜೋಕು. ಜೋಕು ಹೇಳದೆ ಕೊಡಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು, ನಾನೂ ಆಟ ಆಡಿಸುತ್ತಿದ್ದೇನೆ ಅನ್ನುವ ಹಾಗೆ. "ನಮ್ಮ ಕಡೆ ಮಕ್ಕಳನ್ನ ಬಾಗಿಲಲ್ಲಿ ನಿಲ್ಲಿಸ್ಕೊಂಡು ಪರೀಕ್ಷೆ ಮಾಡಲ್ಲ. ಕೊಡ್ತೀವಿ, ಕಳಿಸ್ತೀವಿ."

"ದುಡಿದು ತಿನ್ನಲಿ ಅಂತ" ಅಂದೆ. ಅವಳು ನಗಲಿಲ್ಲ.

ಆದರೂ ಮಗಳಿಗೆ ಬಿಳಿ ಬೆಡ್‌ಶೀಟು ಹೊದಿಸಿ, ಕಣ್ಣಿಗೆ ಎರಡು ತೂತು ಮಾಡಿ ಹೊರಟಳು. ನಾನೂ ನನ್ನ ಮಿಠಾಯಿ ಬಟ್ಟಲು ಹಿಡಿದು ಜಗಲಿಯಲ್ಲಿ ಕೂತಿದ್ದೆ, ಹಾಗಾಗಿ ಎದುರು ನಡೆದದ್ದನ್ನು ಕಂಡೆ. ಟೆಸ್ಸಾ ಡೆಲ್ಮರನ ಮೆಟ್ಟಿಲು ಹತ್ತಿ ಚೀಲ ಒಡ್ಡಿದಳು. ತಾಯಿ ಕೆಳಗೆ ನಿಂತಿದ್ದಳು.

"ಮೊದಲು ಜೋಕು, ಆಮೇಲೆ ಚಾಕಲೇಟು" ಅಂದ ಡೆಲ್ಮರ್. ಕಿವುಡರ ಮಾತು ಯಾವಾಗಲೂ ಗಟ್ಟಿ, ಬೀದಿಗೆಲ್ಲ ಕೇಳಿಸಿತು.

ಟೆಸ್ಸಾ ತಾಯಿಯ ಕಡೆ ತಿರುಗಿ ನೋಡಿದಳು.

"ಬರಲ್ವಾ? ನಾನು ಹೇಳ್ಕೊಡ್ತೀನಿ. ಹತ್ತಿರ ಬಾ, ಇನ್ನೂ ಹತ್ತಿರ."

"ಟೆಸ್ಸಾ, ಇಳಿದು ಬಾ" ಅಂದಳು ಕ್ರಿಸ್ಟಾ.

ಅದು ಡೆಲ್ಮರನಿಗೆ ಕೇಳಿಸಲಿಲ್ಲ. ಅವನು ಮಗುವಿನ ಕಡೆ ಬಾಗಿ, ಕಣ್ಣು ಮಿಟುಕಿಸಿ, "ಅಮ್ಮಂಗೆ ಗೊತ್ತಾಗೋದು ಬೇಡ, ಆಯ್ತಾ? ಇದು ನಮ್ಮಿಬ್ಬರಲ್ಲೇ ಇರ್ಲಿ" ಅಂದ.

ಕ್ರಿಸ್ಟಾ ಎರಡೇ ನೆಗೆತಕ್ಕೆ ಮೆಟ್ಟಿಲು ಹತ್ತಿ ಮಗುವಿನ ತೋಳು ಹಿಡಿದು ಎಳೆದುಕೊಂಡು ಹೋದಳು. ಬೆಡ್‌ಶೀಟು ಮೆಟ್ಟಿಲ ಮೇಲೇ ಉಳಿಯಿತು. ಡೆಲ್ಮರ್ ಅದನ್ನು ಎತ್ತಿ, ಮಡಚಿ, ಚಾಕಲೇಟು ಮೇಲಿಟ್ಟು ಅವಳ ಬಾಗಿಲ ಮುಂದೆ ಬಿಟ್ಟು ಬಂದ. ಅವಳು ಬಾಗಿಲು ತೆಗೆಯಲಿಲ್ಲ. ಬೆಳಿಗ್ಗೆ ನೋಡಿದರೆ ಬೆಡ್‌ಶೀಟೂ ಚಾಕಲೇಟೂ ಕಸದ ಡಬ್ಬದಲ್ಲಿದ್ದವು.

ಆ ವಾರವೇ ನಮ್ಮ ಬಡಾವಣೆಯವರ ಫೋನ್ ಗ್ರೂಪಿನಲ್ಲಿ ಅವಳು ಬರೆದಳು. ಹೆಸರು ಹಾಕಿರಲಿಲ್ಲ. ಒಂಟಿಯಾಗಿರುವ ಒಬ್ಬ ಮುದುಕ ದೊಡ್ಡ ಚಾಕಲೇಟಿನ ಆಸೆ ತೋರಿಸಿ ಮಕ್ಕಳನ್ನು ಜಗಲಿಗೆ ಕರೆದು, ಕಿವಿಯಲ್ಲಿ ಮಾತಾಡಿಸುತ್ತಾನೆ, ತಾಯಿಗೆ ಹೇಳಬೇಡ ಅನ್ನುತ್ತಾನೆ ಅಂತ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಮೊದಮೊದಲು ಹಳಬರು ನಕ್ಕರು. ಅದು ನಮ್ಮ ಡೆಲ್ಮರ್, ನಾನೂ ಚಿಕ್ಕವನಿದ್ದಾಗ ಅವನ ಕಿವಿಯಲ್ಲಿ ಜೋಕು ಹೇಳಿದ್ದೇನೆ ಅಂತ ಒಬ್ಬ ಬರೆದ. ಟೆಕ್ಸಸ್ಸಿನಿಂದ ಬಂದವನೊಬ್ಬ, ಮಕ್ಕಳನ್ನು ಮಾತಾಡಿಸುವುದೇ ತಪ್ಪು, ಬಟ್ಟಲನ್ನು ಹೊರಗಿಟ್ಟು ಬಾಗಿಲು ಹಾಕಿಕೊಳ್ಳಬೇಕು ಅಂದ. ಓಹಾಯೊದವಳೊಬ್ಬಳು, ನಮ್ಮೂರಲ್ಲಿ ಕಾರಿನ ಡಿಕ್ಕಿ ತೆಗೆದು ಚರ್ಚಿನ ಮುಂದೆ ಹಂಚುತ್ತೇವೆ, ಎಲ್ಲರ ಕಣ್ಣೆದುರು, ಅಂದಳು. ಹಾಗಾದರೆ ಮಕ್ಕಳಿಗೆ ನೆರೆಹೊರೆ ಅಂದರೇನು ಅಂತ ಗೊತ್ತಾಗುವುದು ಯಾವಾಗ ಅಂತ ಇನ್ನೊಬ್ಬರು ಕೇಳಿದರು. ಹೀಗೆ ವಾದ ಎಲ್ಲೆಲ್ಲೋ ಹೋಗಿ, ಕೊನೆಗೆ ಯಾರೋ ಒಂದೇ ಸಾಲು ಬರೆದರು: ಅಷ್ಟಕ್ಕೂ ಆ ಮನುಷ್ಯ ಯಾಕೆ ಮದುವೆಯಾಗಿಲ್ಲ?

ಅದಾದ ಮೇಲೆ ಯಾರೂ ನಗಲಿಲ್ಲ. ಮೂಲೆಮನೆಯ ಬೆವ್ ಚಿಕಾಗೋದಲ್ಲಿದ್ದ ಮಗಳಿಗೆ ಫೋನ್ ಮಾಡಿ, "ಚಿಕ್ಕವಳಿದ್ದಾಗ ಡೆಲ್ಮರ್ ನಿನ್ನ ಹತ್ರ ಕಿವೀಲಿ ಏನು ಹೇಳಿಸ್ತಿದ್ದ?" ಅಂತ ಕೇಳಿದಳಂತೆ. "ಜೋಕು ಅಮ್ಮಾ. ಅವನು ಒಳ್ಳೇದೇ ಹೇಳ್ಕೊಡ್ತಿದ್ದ, ಕೆಟ್ಟ ಜೋಕು ಹೇಳ್ತಿದ್ದಿದ್ದು ನಾನು" ಅಂದಳಂತೆ ಮಗಳು. ಬೆವ್ ಇದನ್ನು ನನಗೆ ಹೇಳಿ, "ಆದ್ರೂ ಯಾರಿಗೆ ಗೊತ್ತು" ಅಂತ ಸೇರಿಸಿದಳು.

ಡೆಲ್ಮರನ ಹತ್ತಿರ ಅಂಥ ಫೋನಿರಲಿಲ್ಲ. ಆರ್ಡಿಸ್ ಓದಿ ಹೇಳಿದಳು. ಅವನು ಎರಡು ಸಲ ಓದಿಸಿಕೊಂಡ, ಸರಿಯಾಗಿ ಕೇಳಿಸಲಿಲ್ಲವೇನೋ ಅಂತ. ಆಮೇಲೆ ಜಗಲಿಯ ಕುರ್ಚಿ ಒಳಗೆ ತೆಗೆದುಕೊಂಡು ಹೋದ.

ಅಲ್ಲಿಂದ ಸಂಶಯ ಎರಡೂ ಕಡೆ ಬೆಳೆಯಿತು. ಕ್ರಿಸ್ಟಾ ಬಾಗಿಲ ಮೇಲೆ ಕ್ಯಾಮೆರಾ ಹಾಕಿಸಿದಳು. ಅದು ಬೀದಿಗೆ ಮುಖ ಮಾಡಿತ್ತು. ಬೀದಿಯ ಆಚೆ ಡೆಲ್ಮರನ ಮನೆ. ಅವನು ನನ್ನನ್ನು ತನ್ನ ಬೇಲಿಯ ಹತ್ತಿರ ಕರೆದು ಕೇಳಿದ, "ಅದು ನನ್ನನ್ನೇ ನೋಡ್ತಿದೆಯಾ?"

"ಎಲ್ಲರನ್ನೂ ನೋಡುತ್ತೆ."

"ಮಾತೂ ಕೇಳಿಸ್ಕೊಳ್ಳುತ್ತಾ?"

"ಇರಬಹುದು."

"ಹಾಗಾದ್ರೆ ನಂಗಿಂತ ಚೆನ್ನಾಗಿದೆ" ಅಂದ. ಅಂದಿನಿಂದ ಕಸ ಹಾಕಲೂ ಹಿಂಬಾಗಿಲಿಂದ ಸುತ್ತಿ ಬರತೊಡಗಿದ.

ಹಿಮ ಬಿದ್ದಾಗ ಬೀದಿಯ ಕಾಲುದಾರಿಯನ್ನು ತನ್ನ ಹಿಮ ತೆಗೆಯುವ ಯಂತ್ರದಿಂದ ಎಲ್ಲರಿಗೂ ತೆರವು ಮಾಡಿಕೊಡುವುದು ಅವನ ರೂಢಿ. ಆ ಚಳಿಗಾಲ ನನ್ನ ಮನೆಯವರೆಗೆ ಬಂದು, ಕ್ರಿಸ್ಟಾಳ ಗಡಿಯಲ್ಲಿ ಗೆರೆ ಎಳೆದ ಹಾಗೆ ನಿಲ್ಲಿಸಿ ತಿರುಗಿಕೊಂಡ. ಅವಳ ಜಾಗಕ್ಕೆ ಕಾಲಿಟ್ಟರೆ ಇನ್ನೇನು ಬರೆಯುತ್ತಾಳೋ ಅನ್ನುವ ಭಯ ಅವನಿಗೆ. ಅವಳು ಆ ಗೆರೆಯ ಫೋಟೊ ತೆಗೆದು ನನಗೆ ತೋರಿಸಿದಳು. "ನೋಡಿ, ಬೆದರಿಕೆ ಇದು."

ವಸಂತದಲ್ಲಿ ಟೆಸ್ಸಾಳ ಕೆಂಪು ಚೆಂಡು ಉರುಳಿ ಅವನ ಹುಲ್ಲಿಗೆ ಹೋಯಿತು. ಅವನು ಮುಟ್ಟಲಿಲ್ಲ. ಹುಲ್ಲು ಕತ್ತರಿಸುವಾಗಲೂ ಚೆಂಡಿನ ಸುತ್ತ ಬಳಸಿಕೊಂಡು ಹೋದ, ಅಲ್ಲೊಂದು ಹಸಿರು ಕುಚ್ಚು ಉಳಿಯಿತು. "ಬೇಕಂತಲೇ ಇಟ್ಕೊಂಡಿದಾನೆ, ನನ್ನ ಮಗಳು ಅಲ್ಲಿಗೆ ಹೋಗಲಿ ಅಂತ" ಅಂದಳು ಕ್ರಿಸ್ಟಾ. ಕೊನೆಗೆ ನಾನೇ ಹೋಗಿ ತಂದುಕೊಟ್ಟೆ. ಇಬ್ಬರೂ ತಂತಮ್ಮ ಕಿಟಕಿಯಿಂದ ನನ್ನನ್ನು ನೋಡುತ್ತಿದ್ದರು. ನಾನು ಯಾರ ಕಡೆಯವಳು ಅಂತ ಲೆಕ್ಕ ಹಾಕುತ್ತಿದ್ದರೇನೋ.

ಅವನಿಗೆ ಕಿವಿ ಕೇಳಿಸುವುದಿಲ್ಲ ಅಂತ ಕ್ರಿಸ್ಟಾಗೆ ಹೇಳಲು ಒಂದು ಸಲ ಹೋದೆ. "ಮೊನ್ನೆ ಅಂಚೆಯವನ ಜೊತೆ ಚೆನ್ನಾಗಿ ಮಾತಾಡ್ತಿದ್ರಲ್ಲ" ಅಂದಳು. ಡೆಲ್ಮರ್ ಅಷ್ಟು ಚೆನ್ನಾಗಿ ನಟಿಸುತ್ತಿದ್ದ. ಅದೇ ಅವನಿಗೆ ಮುಳುವಾಯಿತು.

ಅಕ್ಟೋಬರ್ ತಿರುಗಿ ಬಂತು. ಆರ್ಡಿಸ್ ಸೇಬಿನ ಪೈ ತಂದಿದ್ದಳು, ನನ್ನನ್ನೂ ಕರೆದಿದ್ದರು. ಡೆಲ್ಮರ್ ತಟ್ಟೆ ನೋಡುತ್ತಾ, "ಈ ಸಲ ದೀಪ ಹಾಕಲ್ಲ" ಅಂದ. ಜಗಲಿಯ ದೀಪ ಆರಿಸಿದ ಮನೆಗೆ ಮಕ್ಕಳು ಬರುವುದಿಲ್ಲ.

"ಹಾಕಬೇಡ" ಅಂದಳು ಆರ್ಡಿಸ್. "ಅವಳು ಬರೆದಿದ್ದೆಲ್ಲ ನಿಜ ಅಂತ ನೀನೇ ಸಹಿ ಹಾಕ್ದಂಗಾಗುತ್ತೆ."

"ಹಾಕಿದ್ರೆ ಯಾರ್ ಬರ್ತಾರೆ?"

"ಏನೋ, ನಿನ್ನ ಜಗಲಿ ಏನು ಸಿಂಹಾಸನಾನಾ? ಕುರ್ಚಿ ತಗೊಂಡು ಬೀದಿಗೆ ಹೋಗಿ ಕೂತ್ಕೋ. ದೀಪದ ಕಂಬದ ಕೆಳಗೆ. ಯಾರಿಗೆ ಏನು ಬೇಕೋ ನೋಡ್ಕೊಳ್ಳಲಿ."

"ಬೀದೀಲಿ ನಂಗೇನೂ ಕೇಳಿಸಲ್ಲ ಆರ್ಡಿಸ್." ಅವನು ಅದನ್ನು ನನ್ನ ಎದುರು ತಮಾಷೆ ಮಾಡದೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಕೇಳಿಸಲ್ಲ ಅಂತ ಹೇಳು ಮತ್ತೆ. ಬಾಯಿ ಚೆನ್ನಾಗಿದೆಯಲ್ಲ."

ಮೂವತ್ತರ ಸಂಜೆ, ತಿರುಳು ತೋಡಿ ಮುಖ ಕೊರೆದ ಕುಂಬಳಕಾಯಿಗಳು ಎಲ್ಲರ ಮನೆ ಮುಂದಿದ್ದವು; ಡೆಲ್ಮರ್ ಕಂಬದ ಕೆಳಗೆ ಕೋಟು ಹಾಕಿಕೊಂಡು ಕೂತ. ಅಕ್ಕ ಎಷ್ಟು ಹೇಳಿದರೂ ಡ್ರಾಯರಿನಲ್ಲಿದ್ದ ಕಿವಿಯ ಯಂತ್ರ ಮಾತ್ರ ಹಾಕಿಕೊಳ್ಳಲಿಲ್ಲ. ಸಾಲು ಇರಲಿಲ್ಲ. ಕೆಲವು ತಂದೆತಾಯಿಯರು ಮಕ್ಕಳ ಭುಜ ಹಿಡಿದು ಆಚೆ ಬದಿಗೆ ದಾಟಿಕೊಂಡರು. ಬಂದ ಮಕ್ಕಳೂ ಮನೆಯಲ್ಲಿ ಹೇಳಿಸಿಕೊಂಡು ಬಂದವರ ಹಾಗೆ ಮಾರು ದೂರ ನಿಂತೇ ಜೋಕು ಒದರಿದರು. ಡೆಲ್ಮರ್ ಪ್ರತಿಯೊಂದಕ್ಕೂ ತಲೆಯಾಡಿಸಿ ನಕ್ಕ. ಡೈನೊಸಾರಿನ ವೇಷದ ಒಂದು ಹುಡುಗಿ, "ನಾನಿನ್ನೂ ಮುಗಿಸೇ ಇಲ್ಲ" ಅಂದಳು. ಅವನು ಅದಕ್ಕೂ ನಕ್ಕ.

ಅಷ್ಟರಲ್ಲಿ ಕ್ರಿಸ್ಟಾಳ ಬಾಗಿಲು ತೆರೆಯಿತು. ಶಾಲೆಯಲ್ಲಿ ವಾರವೆಲ್ಲ ಜೋಕುಗಳದ್ದೇ ಮಾತು. ಟೆಸ್ಸಾ ತನ್ನದೊಂದನ್ನು ಹೊಸೆದುಕೊಂಡು, ದೊಡ್ಡ ಚಾಕಲೇಟಿನ ಮನೆಗೆ ಹೋಗಲೇಬೇಕು ಅಂತ ಹಠ ಹಿಡಿದಿದ್ದಳಂತೆ. ತಾಯಿ ಕೈಕಟ್ಟಿಕೊಂಡು ಹಿಂದೆಯೇ ಬಂದಳು. ನಾನೂ ಇಳಿದು ಹೋಗಿ ಹತ್ತಿರ ನಿಂತೆ.

"ಕುಂಬಳಕಾಯಿ ಯಾಕೆ ಪರೀಕ್ಷೇಲಿ ಫೇಲಾಯ್ತು?" ಅಂದಳು ಟೆಸ್ಸಾ.

ಡೆಲ್ಮರ್ ತಲೆಯಾಡಿಸಿ ನಗಲು ಹೊರಟವನು, ಅವಳ ಹಿಂದಿದ್ದ ತಾಯಿಯನ್ನು ಕಂಡು ನಿಲ್ಲಿಸಿದ. "ನಂಗೆ ಕೇಳಿಸಲಿಲ್ಲ ಮಗು."

ಟೆಸ್ಸಾ ಮತ್ತೆ ಹೇಳಿದಳು. ಒಂದು ಹೆಜ್ಜೆ ಮುಂದಿಟ್ಟಳು. ತಾಯಿಯ ಕೈ ಅವಳ ಭುಜಕ್ಕೆ ಬಂತು.

"ಕುಂಬಳ ಏನಾಯ್ತು?" ಅಂದ ಡೆಲ್ಮರ್, ಅಂಗೈಯನ್ನು ಕಿವಿಗೆ ಆನಿಸಿ.

"ಫೇಲಾಯ್ತು" ಅಂದಳು ಕ್ರಿಸ್ಟಾ.

"ಆಂ?"

"ಪರೀಕ್ಷೇಲಿ ಫೇಲಾಯ್ತು, ಯಾಕೆ ಅಂತ ಕೇಳ್ತಿದಾಳೆ" ಅಂತ ಅವಳು ಗಂಟಲು ಹರಿಯುವ ಹಾಗೆ ಕೂಗಿದಳು. ಬೀದಿಯಲ್ಲಿದ್ದವರೆಲ್ಲ ತಿರುಗಿದರು.

"ಯಾಕಂತೆ?"

ಟೆಸ್ಸಾ ತಾಯಿಗೆ ಪಿಸುಗುಟ್ಟಿದಳು, ತಾಯಿ ಕೂಗಿದಳು. "ತಲೆ ಒಳಗಿದ್ದಿದ್ದನ್ನೆಲ್ಲ ಅಮ್ಮ ಚಮಚದಲ್ಲಿ ತೆಗೆದುಬಿಟ್ಟಿದ್ಲಂತೆ."

ಡೆಲ್ಮರ್ ಯೋಚಿಸಿದ. ಆಮೇಲೆ ನಕ್ಕ, ಕುರ್ಚಿ ಕಿರುಗುಟ್ಟುವ ಹಾಗೆ. ಆ ಸಂಜೆ ಅವನು ನಿಜವಾಗಿ ನಕ್ಕಿದ್ದು ಅದೊಂದೇ ಸಲ. ಟೆಸ್ಸಾಗೆ ಒಂದು ಚಾಕಲೇಟು ಕೊಟ್ಟು, ಇನ್ನೊಂದನ್ನು ತಾಯಿಯ ಕಡೆ ಹಿಡಿದ. "ಹೇಳಿದ್ದು ನೀವಲ್ವಾ."

ಅವಳು ಕೈ ಚಾಚಲಿಲ್ಲ. "ನಿಮಗೆ ನಿಜವಾಗ್ಲೂ ಕಿವಿ ಕೇಳಿಸಲ್ವಾ?" ಅಂತ ಅವನ ಮುಖದ ಎದುರು ನಿಂತು ಕೇಳಿದಳು.

"ಬಲಗಡೆ ಅರ್ಧ."

"ಹೋದ ವರ್ಷ ಅಮ್ಮಂಗೆ ಗೊತ್ತಾಗೋದು ಬೇಡ ಅಂದ್ರಲ್ಲ. ಅದು ಯಾಕೆ?"

"ಜೋಕು ಮೊದಲೇ ಗೊತ್ತಾದ್ರೆ, ಅವಳು ಮನೇಗೆ ಬಂದು ಹೇಳ್ದಾಗ ನೀವು ನಗ್ತಿರಲಿಲ್ಲ."

ಕ್ರಿಸ್ಟಾ ಮಗಳನ್ನು ತನ್ನ ಪಕ್ಕಕ್ಕೆ ಎಳೆದುಕೊಂಡಳು. "ಹಾಗಿದ್ರೂ ಮಗು ಹತ್ರ ಹಾಗನ್ನಬಾರದು."

"ಸರಿ" ಅಂದ ಡೆಲ್ಮರ್. "ಇನ್ನು ಅನ್ನಲ್ಲ."

ಅವಳು ಚಾಕಲೇಟು ತೆಗೆದುಕೊಂಡಳು. ಕಂಬದ ಬೆಳಕಿಗೆ ಹಿಡಿದು ಎರಡರ ಕಾಗದವನ್ನೂ ತಿರುಗಿಸಿ, ಯಾರಾದರೂ ಬಿಚ್ಚಿದ್ದಾರಾ ಅಂತ ಅಂಚು ಒತ್ತಿ ನೋಡಿ, ಆಮೇಲೆ ಚೀಲಕ್ಕೆ ಹಾಕಿ ಮಗಳ ಕೈ ಹಿಡಿದು ಮುಂದಿನ ಮನೆಗೆ ಹೋದಳು.

ಅವಳು ಬರೆದದ್ದನ್ನು ಅಳಿಸಲಿಲ್ಲ, ಬೇರೇನೂ ಬರೆಯಲೂ ಇಲ್ಲ. ಮುಂದಿನ ವರ್ಷಗಳಲ್ಲೂ ಡೆಲ್ಮರ್ ಬೀದಿಯಲ್ಲೇ ಕೂತ. ಮಕ್ಕಳು ಕೂಗಿ ಹೇಳುವುದನ್ನು ಕಲಿತರು, ಅರ್ಧ ಸಾಲು ಮರಳಿ ಬಂತು. ಆಚೆ ಬದಿಯಿಂದ ಹೋಗುವವರು ಈಗಲೂ ಹಾಗೇ ಹೋಗುತ್ತಾರೆ. ಕುಂಬಳಕಾಯಿ ಜೋಕಿನ ಆ ರಾತ್ರಿ ಕುರ್ಚಿ ಒಳಗಿಡಲು ನಾನು ಕೈಹಾಕಿದಾಗ ಅವನು ಕ್ರಿಸ್ಟಾಳ ಕಿಟಕಿಯನ್ನೇ ನೋಡುತ್ತಾ ಕೇಳಿದ, "ತಿಂದ್ಲಾ, ಇಲ್ಲ ಕಸಕ್ಕೆ ಹಾಕಿದ್ಲಾ, ನೋಡಿದ್ಯಾ?"

ನೋಡಿಲ್ಲ ಅಂದೆ. ಅವನಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.