ಆಟೋಪೈಲಟ್ ಕೈಬಿಟ್ಟಾಗ

ನಾನು ವಿಮಾನ ನಡೆಸುವವಳು. ಕಳೆದ ಮಳೆಗಾಲದಲ್ಲಿ ಮೋಡದ ನಡುವೆ ನಮ್ಮ ವೇಗಮಾಪಕ ಕೆಟ್ಟಿತು. ಅಲ್ಲಿಯವರೆಗೆ ವಿಮಾನವನ್ನು ತಾನೇ ಹಾರಿಸುತ್ತಿದ್ದ ಆಟೋಪೈಲಟ್, ಗಂಟೆ ಬಾರಿಸಿ ಕೈಬಿಟ್ಟಿತು. ಎಲ್ಲ ಸಲೀಸಾಗಿದ್ದಾಗ ನನಗೆ ಹಿಡಿಕೆ ಮುಟ್ಟಗೊಡದ ಆ ದರಿದ್ರ ಯಂತ್ರ, ಆಪತ್ತನ್ನು ಮಾತ್ರ ನನ್ನ ಕೊರಳಿಗೆ ಕಟ್ಟಿತು. ಹಿಡಿಕೆ ಹಿಡಿದೆ; ಹಾರಾಟದ ಹದ ಕೈಗೆ ಸಿಗಲೇ ಇಲ್ಲ. ಹೇಗೋ ಇಳಿದೆವು.

ರಜೆಗೆ ಬೆಟಗೇರಿಗೆ ಬಂದಾಗ ಅವ್ವನಿಗೆ ಇದನ್ನು ಹೇಳಿದೆ. ಮನೆಗೆ ಪವರ್‌ಲೂಮ್ ಬರುವವರೆಗೆ ಅವಳು ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದಳು.

"ಮೊನ್ನಿ ಹಳೇ ಮಗ್ಗದಾಗ ಕುಂತಿದ್ನವ್ವಾ. ಕಾಲಿಗೆ ತುಳಿಯೋದ ಮರತ ಹೋಗೈತಿ. ಎಳಿ ಹರದ್ವು, ಎದ್ದ ಬಂದೆ," ಎಂದಳು.

ಅವಳೇನೋ ಎದ್ದು ಬಂದಳು. ಜನ ತುಂಬಿದ ವಿಮಾನದಲ್ಲಿ, ಆ ಮೋಡದ ನಡುವೆ, ನಾನು ಎದ್ದು ಎಲ್ಲಿಗೆ ಹೋಗಲಿ?