ಹತ್ತು ಸಾವಿರದ ನೂರ ಅರವತ್ತೊಂಬತ್ತರ ಸಂಜೆ

ಅಕ್ಷರ ಕೊಟ್ಟ ಗುರುಗಳಿಗೂ, ಅಂಕಿಯನ್ನು ಗೌರವಿಸಲು ಕಲಿಸಿದ ಹಿರಿಯರಿಗೂ ಮೊದಲು ಕೈಮುಗಿಯುತ್ತೇನೆ.

ಮೊನ್ನೆ ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿ ಹೊಸ ಬೆಲ್ಲದ ವಾಸನೆ ಬಂದಿತು. ತೇರದಾಳದ ನಮ್ಮ ಓಣಿಯ ಗಣಿತದ ಮಾಸ್ತರರು ನೆನಪಾದರು...

ಅವರು ಜೈನರು. ಒಂದು ಚಾತುರ್ಮಾಸದಲ್ಲಿ ಮುನಿಮಹಾರಾಜರ ಮುಂದೆ ನಿಯಮ ಹಿಡಿದರು: ಒಂದು ಸಂಖ್ಯೆಯ ಲೆಕ್ಕ ಮುಗಿದು, ಇನ್ನೊಬ್ಬರು ತಾಳೆ ನೋಡುವ ತನಕ ಸಿಹಿ ಮುಟ್ಟುವುದಿಲ್ಲ. ಮೂವತ್ತೊಂದು ಎರಡುಗಳನ್ನು ಗುಣಿಸಿ ಒಂದನ್ನು ಕಳೆದರೆ ಬರುವ ಸಂಖ್ಯೆ ಅದು: ೨೧೪,೭೪,೮೩,೬೪೭. ಅದು ಅವಿಭಾಜ್ಯವೆಂದು ಗ್ರಂಥಗಳು ಹೇಳುತ್ತವೆ. ಮಾಸ್ತರರಿಗೆ ಸ್ವತಃ ಕಾಣಬೇಕಿತ್ತು. ಅದನ್ನು ಭಾಗಿಸಬಲ್ಲ ಅವಿಭಾಜ್ಯವೊಂದು ಇದ್ದರೆ, ಆ ಭಾಜಕವನ್ನು ಇನ್ನೂರ ನಲವತ್ತೆಂಟರಿಂದ ಭಾಗಿಸಿದಾಗ ಒಂದೋ ಅರವತ್ತಮೂರೋ ಉಳಿಯಲೇಬೇಕು. ಮೂಲ ಸಂಖ್ಯೆಯ ವರ್ಗಮೂಲದೊಳಗೆ ಅಂಥ ಅವಿಭಾಜ್ಯಗಳು ಎಂಬತ್ತಕ್ಕೆ ತುಸು ಹೆಚ್ಚು. ದಿನಕ್ಕೊಂದು ಭಾಗಾಕಾರ.

"ಮೊಬೈಲಿನಾಗ ಒಂದ ಕ್ಷಣದಾಗ ಬರ್ತೈತ್ರಿ," ಎಂದೆ.

"ಮೊಬೈಲ ಉಪವಾಸ ಮಾಡಿದ್ರ ಪುಣ್ಯಾ ನನಗ ಬರ್ತೈತೇನ್ರಿ, ಪಂಡಿತರ?"

ಸಂಸ್ಕೃತ ಕಲಿಸುತ್ತಿದ್ದ ನನ್ನನ್ನೇ ತಾಳೆ ನೋಡಲು ನೇಮಿಸಿದರು. ಅವರ ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ, ಶೇಷ ಕೂಡಿಸಿ, ಮೂಲ ಸಂಖ್ಯೆ ಬಂದರೆ ಸಹಿ ಹಾಕಬೇಕು. ಒಂದು ಸಂಜೆ ಮುಧೋಳದಿಂದ ದಣಿದು ಬಂದವನು ಗುಣಿಸದೆಯೇ ಸಹಿ ಹಾಕಿದೆ. ಭಾಜಕ ೧೦,೧೬೯. ಅಂದಿನಿಂದ ನನ್ನ ಜಪದ ನಡುವೆಯೂ ಆ ಅಂಕಿ ನುಗ್ಗತೊಡಗಿತು. ಅವರ ಲೆಕ್ಕ ತಪ್ಪಿ, ಅಲ್ಲಿ ನಿಜವಾದ ಶೇಷ ಸೊನ್ನೆಯೇ ಆಗಿದ್ದರೆ? ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ವಾರಗಳು ಕಳೆದವು...

ಕಡೆಯ ಭಾಗಾಕಾರವೂ ಮುಗಿದ ದಿನ ಸಂಜೆ ಮಾಸ್ತರರು ಬೆಲ್ಲದ ತುಣುಕನ್ನು ಬಾಯಿಯ ಹತ್ತಿರ ಒಯ್ದಾಗ ನನ್ನಿಂದ ತಡೆಯಲಾಗಲಿಲ್ಲ.

"ಮಾಸ್ತರ, ಒಂದನ್ನ ನಾ ತಾಳಿ ನೋಡದನ ಸಹಿ ಹಾಕೇನ್ರಿ."

ಅವರು ತುಣುಕನ್ನು ತಟ್ಟೆಗಿಟ್ಟು ಲೆಕ್ಕದ ವಹಿ ತೆರೆದರು. "ಗುಣಾಕಾರಕ್ಕೂ ಬರೇ ಭಾವಾರ್ಥ ತಗೊಂಡ್ರೇನ್ರಿ?"

ಅವರ ಹೆಂಡತಿ ಹೊರಗೆ ಇಣುಕಿದರು. "ಹೊತ್ತ ಮುಣಗಾಕತ್ತೈತಿ. ಮೊದಲ ತಿನ್ರಿ, ಆಮ್ಯಾಲ ಗುಣಸ್ರಿ." ಸೂರ್ಯ ಮುಳುಗಿದ ಮೇಲೆ ಅವರಲ್ಲಿ ಯಾರೂ ಏನನ್ನೂ ತಿನ್ನುವುದಿಲ್ಲ.

"ಲೆಕ್ಕಾ ಮುಗೀದನ ನೇಮ ಹ್ಯಾಂಗ ಮುಗೀತೈತಿ?" ಎಂದು ಮಾಸ್ತರರು ಪೆನ್ಸಿಲ್ಲನ್ನು ನನ್ನ ಕೈಗಿತ್ತರು.

ಭಾಗಲಬ್ಧ ೨,೧೧,೧೭೯; ಶೇಷ ೪,೩೯೬. ಮೊದಲ ಸಲ ನನ್ನ ಗುಣಾಕಾರ ಕೂಡಲಿಲ್ಲ. ತಪ್ಪು ಅವರದೋ ನನ್ನದೋ ತಿಳಿಯದೆ ಮತ್ತೆ ಮೊದಲಿನಿಂದ ಗುಣಿಸಿದೆ. ನನ್ನದೇ, ಕೈಯಲ್ಲಿದ್ದ ಒಂದು ದಶಕವನ್ನು ಮುಂದಿನ ಸ್ಥಾನಕ್ಕೆ ಕೂಡಿಸುವುದು ಬಿಟ್ಟಿದ್ದೆ. ಸರಿಯಾದ ಉತ್ತರ ಬರುವಷ್ಟರಲ್ಲಿ ಅಂಗಳದ ಬೆಳಕು ಹೋಗಿತ್ತು. ಅವರ ಮನೆಯವರು ತಟ್ಟೆಯನ್ನು ಒಳಗೊಯ್ದರು.

"ಸಂಖ್ಯಾ ಗಟ್ಟಿ ಐತ್ರಿ, ಯಾವದಕ್ಕೂ ಒಡೀಲಿಲ್ಲ," ಎಂದಷ್ಟೇ ಹೇಳಿ ಮಾಸ್ತರರು ನಕ್ಕರು.

ಈಗ ಅವರಿಲ್ಲ. ಬೈದಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತೇನೋ... ಬೈಯಲಿಲ್ಲ. ಕ್ಷಮೆ ಕೇಳುವ ಮಾತು ನನ್ನಲ್ಲೇ ಉಳಿಯಿತು. ಭಾಗಿಸಿದವರಿಗೂ, ಒಂದು ಸಂಜೆ ಹೆಚ್ಚು ಕಾದ ಆ ತಾಯಿಗೂ, ತಪ್ಪಿ ನಡೆದ ಈ ಸಾಕ್ಷಿಗೂ ಶಾಂತಿ ದೊರೆಯಲಿ.