ಕಪ್ಪು-ಬಿಳುಪು ಟಿವಿಯಲ್ಲಿ ಅಬ್ಬಲಿಗೆ ಸೀರೆ

1974ರಲ್ಲಿ ನಾನು ಮುಂಬಯಿಯ ಟೆಲಿವಿಷನ್ ಕೇಂದ್ರದಲ್ಲಿ ಉಡುಪು ಸಹಾಯಕಿಯಾಗಿದ್ದೆ. ವಿಭಾಗದ ಹೆಸರು ದೊಡ್ಡದು, ಕೋಣೆ ಚಿಕ್ಕದು. ಎರಡು ಬೀರು, ಒಂದು ಇಸ್ತ್ರಿ ಮೇಜು, ಒಂದು ನಿಲುವುಗನ್ನಡಿ, ಇವುಗಳ ನಡುವೆ ಜಾಗ ಉಳಿದರೆ ನಾನು. ತೆರೆಯ ಮೇಲೆ ಬರುವವರು ಏನು ಉಡಬೇಕು, ಏನು ಉಡಬಾರದು ಎಂದು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು.

ಅದಕ್ಕೆ ಮೊದಲು ಪರೇಲಿನ ಒಂದು ಬಟ್ಟೆ ಗಿರಣಿಯಲ್ಲಿ ಶೇಡ್ ಕಾರ್ಡ್ ಮಾಡುತ್ತಿದ್ದೆ. ಒಂದೊಂದು ಬಣ್ಣದ ತಿಳಿ, ಗಾಢ, ನಡುವಿನ ಛಾಯೆಗಳನ್ನೆಲ್ಲ ಬಟ್ಟೆಯ ಚೂರುಗಳಲ್ಲಿ ಅಂಟಿಸಿದ ರಟ್ಟಿಗೆ ಶೇಡ್ ಕಾರ್ಡ್ ಎನ್ನುತ್ತಾರೆ. ವ್ಯಾಪಾರಿಗಳು ಅದನ್ನು ನೋಡಿ ಆರ್ಡರ್ ಕೊಡುತ್ತಿದ್ದರು. ನಮ್ಮದು ಗದಗದ ಕಡೆಯ ಮಗ್ಗದ ಮನೆತನ. ದಾಳಿಂಬೆ ಕೆಂಪು ಯಾವುದು, ಕುಂಕುಮ ಕೆಂಪು ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಥವಳು ಕಪ್ಪು-ಬಿಳುಪು ಟಿವಿಗೆ ಸೇರಿದಾಗ ಮುಲುಂಡಿನ ನಮ್ಮ ಬಿಲ್ಡಿಂಗಿನವರೆಲ್ಲ ನಕ್ಕರು. ನಮ್ಮವ್ವನಂತೂ, “ಬಣ್ಣಾ ಕಲತಾಕಿ ಬೂದ್ಯಾಗ ಬಿದ್ದಿ ನೋಡು,” ಎಂದಳು.

ಆದರೆ ಬೂದಿಯಲ್ಲೂ ಒಂದು ಶಾಸ್ತ್ರವಿದೆ. ಕ್ಯಾಮೆರಾ ಬಣ್ಣವನ್ನು ನೋಡುವುದಿಲ್ಲ, ಅದರ ಬೆಳಕನ್ನು ಮಾತ್ರ ನೋಡುತ್ತದೆ. ಇದಕ್ಕೆ ನಾವು ಟೋನ್ ಎನ್ನುತ್ತಿದ್ದೆವು. ಕಣ್ಣಿಗೆ ಹಾವು ಮುಂಗುಸಿಯಂತೆ ಜಗಳವಾಡುವ ಕೆಂಪು ಮತ್ತು ಹಸಿರು ಪರದೆಯ ಮೇಲೆ ಒಂದೇ ಬೂದು ಆಗಿಬಿಡಬಹುದು. ಅಚ್ಚ ಬಿಳಿ ಸೀರೆ ಸ್ಟುಡಿಯೋದ ದೀಪಗಳಡಿ ಉರಿದು ಮುಖವನ್ನೇ ನುಂಗುತ್ತಿತ್ತು. ಸಣ್ಣ ಚೌಕಳಿಗಳು ಇರುವೆಗಳಂತೆ ಹರಿದಾಡುತ್ತಿದ್ದವು. ಇಷ್ಟೆಲ್ಲ ಉಪದ್ರವ ಬೇಡವೆಂದು ನಮ್ಮಲ್ಲಿ ಒಂದು ತಿಳಿ ಬೂದು-ನೀಲಿ ಸೀರೆ ಇಟ್ಟುಕೊಂಡಿದ್ದೆವು. ಯಾರ ಸೀರೆ ಕೈಕೊಟ್ಟರೂ ಅದನ್ನು ಉಡಿಸಿ ಕೂರಿಸುವುದು ರೂಢಿ. ಆ ಸೀರೆ ಯಾರಿಗೂ ಕೇಡು ಮಾಡಿದ್ದಿಲ್ಲ, ಯಾರಿಗೂ ಒಪ್ಪಿದ್ದೂ ಇಲ್ಲ.

ಆ ವರ್ಷ ಮಳೆಗಾಲಕ್ಕೆ ಸ್ವಲ್ಪ ಮೊದಲು ಹೊಸ ಅನೌನ್ಸರ್‌ಗಳ ಆಯ್ಕೆ ನಡೆಯಿತು. ಕಾರ್ಯಕ್ರಮಗಳ ನಡುವೆ ಬಂದು ಮುಂದಿನದು ಏನೆಂದು ಹೇಳುವವರು ಅನೌನ್ಸರ್‌ಗಳು. ಧ್ವನಿ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತವಳು ವಾರಿಜಾ, ಘಾಟ್ಕೋಪರಿನಲ್ಲಿ ಬೆಳೆದ ಉಡುಪಿ ಕಡೆಯ ಹುಡುಗಿ. ತಂದೆ ಅಲ್ಲೇ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಮನೆಯಲ್ಲಿ ತುಳು ಮತ್ತು ಕನ್ನಡ, ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ. ನಾಲ್ಕನ್ನೂ ನೀರು ಕುಡಿದಷ್ಟು ಸಲೀಸಾಗಿ ಆಡುತ್ತಿದ್ದಳು. ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಆಗಿದ್ದವಳು, ಈ ಪರೀಕ್ಷೆಗಳಿಗೆ ರಜೆ ಕೊಡುವುದಿಲ್ಲ ಎಂದರೆಂದು ಆ ಕಾಯಂ ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟು ಬಂದಿದ್ದಳು. ಮನೆಯಲ್ಲಿ ಇದಕ್ಕಾಗಿ ದೊಡ್ಡ ರಾದ್ಧಾಂತವಾಗಿತ್ತು. ಕ್ಯಾಮೆರಾ ಪರೀಕ್ಷೆಗೆ ಮೂರು ಅವಕಾಶ. ಮೂರರಲ್ಲೂ ಸೋತರೆ ಇತ್ತ ಟಿವಿಯೂ ಇಲ್ಲ, ಅತ್ತ ಟೈಪ್‌ರೈಟರೂ ಇಲ್ಲ.

ಮೊದಲನೆಯ ಪರೀಕ್ಷೆಗೆ ಅವಳು ಅಬ್ಬಲಿಗೆ ಬಣ್ಣದ ಸೀರೆ ಉಟ್ಟು ಬಂದಳು. ಕನಕಾಂಬರ ಎಂದೂ ಕರೆಯುವ ಹೂವಿನ ಆ ಉರಿಯುವ ಕಿತ್ತಳೆ. ಬಾಗಿಲಲ್ಲಿ ಅವಳು ನಿಂತಾಗ ನನ್ನ ಕೋಣೆಯ ಗೋಡೆಗೂ ಆ ಬಣ್ಣ ತಾಗಿತು. ಆದರೆ ಸೀರೆಯಷ್ಟೇ ಅಲ್ಲ, ರವಿಕೆಯೂ ಅದೇ ಬಣ್ಣ, ಬಳೆಯೂ ಅದೇ, ಬೊಟ್ಟೂ ಅದೇ, ಚಪ್ಪಲಿಯ ಪಟ್ಟಿಯೂ ಅದೇ. ಮುಡಿದದ್ದು ಅಬ್ಬಲಿಗೆ ದಂಡೆ ಎಂದು ಬೇರೆ ಹೇಳಬೇಕಿಲ್ಲ. ಆ ಕಾಲದಲ್ಲಿ ಮುಂಬಯಿಯ ಹೆಂಗಸರಿಗೆ ಮ್ಯಾಚಿಂಗ್ ಒಂದು ವ್ರತವಿದ್ದ ಹಾಗೆ. ಸ್ಟೇಷನ್ನಿಗೊಂದು ಮ್ಯಾಚಿಂಗ್ ಸೆಂಟರ್. ಅಲ್ಲಿ ಸೀರೆಯ ಸೆರಗನ್ನು ಬಿಸಿಲಿಗೆ ಹಿಡಿದು, ರವಿಕೆಯ ಬಟ್ಟೆ ಕೂದಲೆಳೆಯಷ್ಟೂ ಬೇರೆಯಾಗದಂತೆ ಆರಿಸಿ ತರುತ್ತಿದ್ದರು. ವಾರಿಜಾ ಆ ವ್ರತವನ್ನು ಚಾಚೂ ತಪ್ಪದೆ ಮಾಡಿದ್ದಳು.

ಮಾನಿಟರಿನಲ್ಲಿ ನೋಡಿದರೆ ಅನಾಹುತ. ಅವಳದು ಕಪ್ಪಿಗೆ ಹತ್ತಿರದ ಎಣ್ಣೆಗೆಂಪು ಮೈಬಣ್ಣ. ದೀಪದ ಬೆಳಕಿನಲ್ಲಿ ಆ ಮೈಬಣ್ಣವೂ ಅಬ್ಬಲಿಗೆ ಬಣ್ಣವೂ ಒಂದೇ ಟೋನಿಗೆ ಇಳಿದವು. ಮುಖ ಎಲ್ಲಿ ಮುಗಿಯಿತು, ರವಿಕೆ ಎಲ್ಲಿ ಶುರುವಾಯಿತು ತಿಳಿಯದು. ಕಲಸಿಟ್ಟ ಹಿಟ್ಟಿನ ಮುದ್ದೆಗೆ ಎರಡು ಕಣ್ಣು ಅಂಟಿಸಿದ ಹಾಗೆ ಕಂಡಿತು. ನಮ್ಮ ಪ್ರೊಡ್ಯೂಸರ್ ಪಾಟೀಲರು, ಬೆಳಗಾವಿಯವರು, ಹಣೆ ತಿಕ್ಕಿಕೊಂಡು, “ಸುಮಿತ್ರಾಬಾಯಿ, ಆ ಬೂದಿ ಸೀರಿ ಉಡಸ್ರಿ,” ಎಂದರು.

ಅಂದೇ ನಡೆದ ಎರಡನೆಯ ಪರೀಕ್ಷೆಗೆ ಬೂದು-ನೀಲಿ ಸೀರೆ ಉಡಿಸಿದೆ. ಚಿತ್ರ ನಿಚ್ಚಳವಾಗಿ ಬಂತು. ಆದರೆ ಹುಡುಗಿ ಬರಲಿಲ್ಲ. ಕುತ್ತಿಗೆ ಬಿಗಿದು, ಹೆಗಲು ಏರಿಸಿ, ಪಾಠ ಒಪ್ಪಿಸುವವಳಂತೆ ಓದಿದಳು. ಧ್ವನಿ ಪರೀಕ್ಷೆಯಲ್ಲಿ ಎಲ್ಲರನ್ನೂ ಗೆದ್ದ ಆ ಕಂಠ ಎಲ್ಲಿ ಹೋಯಿತೋ. ಪಾಟೀಲರು ನೋಡಿದರು, ಏನೂ ಹೇಳದೆ ಎದ್ದು ಹೋದರು. ಅವರು ಬೈದರೆ ಆಸೆ ಇರುತ್ತಿತ್ತು. ಸುಮ್ಮನೆ ಎದ್ದರೆ ಕತೆ ಮುಗಿದ ಹಾಗೆ.

ವಾರಿಜಾ ಕೋಣೆಗೆ ಬಂದು ಪರದೆಯ ಹಿಂದೆ ಸೀರೆ ಬದಲಿಸಿದಳು. ನಾನು ಬೆನ್ನು ತಿರುಗಿಸಿ ಇಸ್ತ್ರಿ ಮಾಡುತ್ತಿದ್ದೆ. ಅಬ್ಬಲಿಗೆ ಸೀರೆಯ ನೆರಿಗೆ ಹಿಡಿಯುತ್ತ ಅವಳು ಅದೇ ಪ್ರಕಟಣೆಯನ್ನು ತನ್ನಷ್ಟಕ್ಕೆ ಹೇಳಿಕೊಂಡಳು. ನನ್ನ ಇಸ್ತ್ರಿ ನಿಂತಿತು. ಅದು ಬೇರೆಯೇ ಧ್ವನಿ, ಎದುರಿಗಿದ್ದವರನ್ನು ಒಳಗೆ ಕರೆದು ಕೂರಿಸುವ ಧ್ವನಿ.

“ಇದನ್ನ ಅಲ್ಲಿ ಯಾಕ ಹಿಂಗ ಹೇಳಲಿಲ್ಲ, ಯವ್ವಾ?” ಎಂದು ಕೇಳಿದೆ.

“ಎಂತ ಹೇಳುದು ಮೇಡಂ. ಆ ಸೀರೆ ಉಟ್ರೆ ನಾನು ಯಾರದ್ದೋ ಮನೆಗೆ ಬಂದು ಕೂತ ಹಾಗೆ ಆಗ್ತದೆ. ಚಿಕ್ಕಂದಿನಿಂದ ಚಿಕ್ಕಮ್ಮಂದಿರು ಹೇಳುದು ಒಂದೇ, ಕಪ್ಪು ಹುಡುಗಿ, ತಿಳಿ ಬಣ್ಣ ಉಡು, ಕಣ್ಣಿಗೆ ಬೀಳಬೇಡ. ಮೊದಲ ಸಂಬಳದಲ್ಲಿ ದಾದರಿಗೆ ಹೋಗಿ ಈ ಸೀರೆ ತಗೊಂಡೆ. ಇದು ಉಟ್ಟ ದಿವಸ ಲೋಕಲ್‌ನಲ್ಲಿ ಜನ ದಾರಿ ಬಿಟ್ರು, ನಿಜವಾಗಿ. ಇದು ನಂದು.”

ಇಷ್ಟು ಹೇಳಿ ಅವಳು ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಂಥ ಬಣ್ಣವನ್ನು ಬದಿಗಿಟ್ಟು ಬೂದಿ ಬಳಿಯುವುದಕ್ಕೇನು ನಾನು ಶೇಡ್ ಕಾರ್ಡ್ ಕಲಿತದ್ದು? ನೇರ ಪಾಟೀಲರ ಬಳಿ ಹೋದೆ. ಮೂರನೆಯ ಪರೀಕ್ಷೆಗೆ ಅದೇ ಅಬ್ಬಲಿಗೆ ಸೀರೆ ಉಡಿಸುತ್ತೇನೆಂದೆ.

“ಅಲ್ಲರೀ, ನೋಡೋರಿಗೆ ಬಣ್ಣ ಕಾಣೂದಿಲ್ಲ. ಮತ್ತ್ಯಾಕ ಹಟಾ?” ಎಂದರು.

“ನೋಡೋರಿಗೆ ಕಾಣೂದಿಲ್ಲರೀ. ಉಟ್ಟಾಕಿಗೆ ಕಾಣತೈತಿ.”

ಅವರು ನನ್ನನ್ನೇ ನೋಡಿದರು. “ಮಾರಿ ಕಾಣಬೇಕು. ಕಾಣಲಿಲ್ಲಂದ್ರ ಆಕೀನ ಮನಿಗೆ ಕಳಸೋ ಕೆಲಸಾ ನಿಮ್ಮದು, ನನ್ನದಲ್ಲ,” ಎಂದರು. ಆ ಮಾತು ಎದೆಯಲ್ಲಿ ಕೂತಿತು.

ಮರು ಭಾನುವಾರ ಘಾಟ್ಕೋಪರಿನ ಚಾಳಿನಲ್ಲಿದ್ದ ವಾರಿಜೆಯ ಮನೆಗೆ ಹೋದೆ. ಸಮಸ್ಯೆ ಸೀರೆಯದಲ್ಲ, ಸೀರೆಯ ಸುತ್ತ ಇದ್ದವುಗಳದ್ದು ಎಂದು ನನಗೆ ಅಷ್ಟರಲ್ಲಿ ಖಾತ್ರಿಯಾಗಿತ್ತು. ದಿಟ್ಟ ಬಣ್ಣ ಮದುವಣಗಿತ್ತಿ ಇದ್ದ ಹಾಗೆ. ಸುತ್ತ ನಿಂತವರೆಲ್ಲ ಅದೇ ಬಾಸಿಂಗ ಕಟ್ಟಿದರೆ ಅವಳು ಯಾರೆಂದು ತಿಳಿಯುವುದು ಹೇಗೆ? ಮನೆಯಲ್ಲಿದ್ದ ರವಿಕೆಗಳನ್ನೆಲ್ಲ ಟ್ರಂಕಿನಿಂದ ತೆಗೆಸಿ ಸೀರೆಯ ಮೇಲೆ ಒಂದೊಂದಾಗಿ ಇಟ್ಟೆ. ವಾರಿಜೆಗೆ ನಮ್ಮ ಕಸುಬಿನ ಒಂದು ಉಪಾಯ ಹೇಳಿಕೊಟ್ಟೆ. ಕಣ್ಣನ್ನು ಅರೆ ಮುಚ್ಚಿ, ರೆಪ್ಪೆಗಳ ಸಂದಿಯಿಂದ ನೋಡಬೇಕು. ಆಗ ಬಣ್ಣ ಮಂಕಾಗಿ ಟೋನ್ ಮಾತ್ರ ಉಳಿಯುತ್ತದೆ. ಯಾವುದು ಯಾವುದರೊಳಗೆ ಕರಗುತ್ತದೆ ಎಂದು ಕ್ಯಾಮೆರಾ ಇಲ್ಲದೆಯೂ ಗೊತ್ತಾಗುತ್ತದೆ.

ನಾವಿಬ್ಬರೂ ಹಾಗೆ ಕಣ್ಣು ಕಿವುಚಿಕೊಂಡು ಕೂತಿರುವಾಗ ಅವಳ ತಾಯಿ ಗುಲಾಬಿಯಕ್ಕ ಚಹಾ ತಂದರು. ನಮ್ಮನ್ನು ಒಂದು ಗಳಿಗೆ ನೋಡಿ ಚಹಾ ಕೆಳಗಿಟ್ಟು, “ಇಬ್ಬರಿಗೂ ಕಣ್ಣಿಗೆ ಎಂತಾಯ್ತು? ನಂದಿಬಟ್ಟಲು ಹೂ ತರಿಸುದಾ?” ಎಂದರು. ನಾನು ನಕ್ಕು ನಕ್ಕು ಸುಸ್ತಾದೆ. ವಿಷಯ ಹೇಳಿದ ಮೇಲೆ ಅವರೂ ಕೂತು ಕಣ್ಣು ಕಿವುಚಿದರು.

ಕೊನೆಗೆ ಸಿಕ್ಕಿದ್ದು ಗುಲಾಬಿಯಕ್ಕನದೇ ಹಳೆಯ ರವಿಕೆ. ಕಡು ನೀಲಿ, ಇನ್ನೇನು ಕಪ್ಪು ಎನ್ನಬಹುದಾದ ನೂಲಿನ ಬಟ್ಟೆ, ಮೊಳಕೈವರೆಗೆ ತೋಳು. ಅದನ್ನು ಸೀರೆಗೂ ವಾರಿಜೆಯ ಕುತ್ತಿಗೆಗೂ ನಡುವೆ ಹಿಡಿದು ಅರೆಗಣ್ಣಿನಲ್ಲಿ ನೋಡಿದೆ. ಮುಖ ಎದ್ದು ನಿಂತಿತು, ಸೀರೆಯೂ ಎದ್ದು ನಿಂತಿತು. ಆದರೆ ಗುಲಾಬಿಯಕ್ಕನಿಗೆ ಗಾಬರಿ.

“ಅಬ್ಬಲಿಗೆ ಸೀರೆಗೆ ನೀಲಿ ರವಕೆಯಾ? ಮ್ಯಾಚಿಂಗಿಗೆ ಗತಿ ಇಲ್ಲ ಅಂತ ಹೇಳ್ಲಿಕ್ಕಿಲ್ವಾ ಜನ?”

ವಾರಿಜಾ ರವಿಕೆ ತೊಟ್ಟು, ಸೀರೆ ಉಟ್ಟು, ಗೋಡೆಯ ಸಣ್ಣ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ನಾನು ಹೇಳದ ಒಂದು ಕೆಲಸ ಮಾಡಿದಳು. ಸೆರಗಿನ ನೆರಿಗೆಗಳನ್ನು ಕಿರಿದಾಗಿ ಹಿಡಿದು ಹೆಗಲ ತುದಿಗೆ ಸರಿಸಿ ಪಿನ್ನು ಹಾಕಿದಳು. ಕುತ್ತಿಗೆಯ ಸುತ್ತ ನೀಲಿಯ ಒಂದು ಚೌಕಟ್ಟು ಬಿತ್ತು. ಕಿತ್ತಳೆ ಬಳೆ ತೆಗೆದಿಟ್ಟಳು. ಬೊಟ್ಟನ್ನು ಕಾಡಿಗೆಯಲ್ಲಿ ಇಟ್ಟಳು. ಹೂವಿನ ದಂಡೆ ಮಾತ್ರ ಬಿಡಲಿಲ್ಲ.

“ಹಿಂದೆ ಮುಡಿದದ್ದು ಕ್ಯಾಮೆರಾಕ್ಕೆ ಕಾಣುದಿಲ್ಲ. ಆದ್ರೆ ಉಂಟು ಅಂತ ನನಗೆ ಗೊತ್ತುಂಟಲ್ಲ,” ಎಂದಳು. ಅಲ್ಲಿಗೆ ನಾನು ಹೇಳಿಕೊಡುವುದು ಮುಗಿಯಿತೆಂದು ತಿಳಿದುಕೊಂಡೆ.

ಮಂಗಳವಾರ ಮೂರನೆಯ ಪರೀಕ್ಷೆ. ನಾನು ಕಂಟ್ರೋಲ್ ರೂಮಿನಲ್ಲಿ ಪಾಟೀಲರ ಹಿಂದೆ ನಿಂತಿದ್ದೆ. ದೀಪ ಹತ್ತಿದವು. ಮಾನಿಟರಿನಲ್ಲಿ ಮೊದಲು ಬಂದದ್ದು ಮುಖ. ಕೆನ್ನೆಯ ಏರು, ಗಲ್ಲದ ಗೆರೆ, ಎಲ್ಲ ಸ್ಪಷ್ಟ. ಕೆಳಗೆ ಕಡು ರವಿಕೆ, ಅದರಾಚೆ ಸೀರೆಯ ಮೃದುವಾದ ಬೂದು. ವಾರಿಜಾ ತಲೆ ಎತ್ತಿ, ಕ್ಯಾಮೆರಾದೊಳಗೆ ಪರಿಚಯದವರು ಯಾರೋ ಕೂತಿದ್ದಾರೆಂಬಂತೆ ನಮಸ್ಕಾರ ಮಾಡಿದಳು. ಓದಿದ್ದು ಅದೇ ಪ್ರಕಟಣೆ. ಪರದೆಯ ಹಿಂದೆ ನಾನು ಕೇಳಿದ್ದ ಧ್ವನಿ ಈಗ ಇಡೀ ಕೋಣೆಗೆ ಕೇಳಿತು. ಲೈಟಿನ ಹುಡುಗರು ಮಾತು ನಿಲ್ಲಿಸಿದರು.

ಪಾಟೀಲರು ಕುರ್ಚಿಯಿಂದ ಎದ್ದರು. ಈ ಸಲವೂ ಸುಮ್ಮನೆ ಎದ್ದಿದ್ದರು, ಕತೆ ಮುಗಿಯಿತೆಂದುಕೊಂಡೆ. ಬಾಗಿಲು ತೆಗೆದು ಸ್ಟುಡಿಯೋಗೆ ಹೋದರು. ಅಲ್ಲಿ ದೀಪದಡಿ ಧಗಧಗಿಸುವ ಅಬ್ಬಲಿಗೆ ಬಣ್ಣವನ್ನು ಕಂಡು ನಿಂತರು, ಆಮೇಲೆ ಗಾಜಿನಾಚೆಯ ನನ್ನತ್ತ ತಿರುಗಿ, “ಅದ ಸೀರಿ ಏನ್ರೀ ಇದು?” ಎಂದು ಮೈಕಿನಲ್ಲಿ ಕೇಳಿದರು.

“ಅದ ರೀ,” ಎಂದೆ.

“ಶುಕ್ರವಾರದಿಂದ ಬರಾಕ ಹೇಳ್ರಿ ಆಕೀಗೆ,” ಎಂದರು.

ಸರ್ಕಾರಿ ಕೆಲಸದಲ್ಲಿ ಬೆನ್ನು ತಟ್ಟುವವರು ಕಡಿಮೆ. ಆ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಮುಲುಂಡಿಗೆ ಹೋಗುವ ಲೋಕಲ್‌ನಲ್ಲಿ ನಿಂತುಕೊಂಡೇ ನಗುತ್ತ ಹೋದೆ. ವಾರಿಜಾ ಮುಂದೆ ಗಿಳಿ ಹಸಿರು, ಕಡು ಗುಲಾಬಿಯ ರಾಣಿ ಬಣ್ಣ, ಅರಿಶಿನ ಎಲ್ಲ ಉಟ್ಟಳು. ಪ್ರತಿ ಸಲವೂ ಒಂದೇ ದಿಟ್ಟ ಬಣ್ಣ, ಜೊತೆಗೆ ಕಡು ರವಿಕೆ, ಹೆಗಲ ತುದಿಯ ಕಿರಿ ನೆರಿಗೆ. ಅದು ಅವಳ ಗುರುತಾಯಿತು. ಘಾಟ್ಕೋಪರಿನ ಮ್ಯಾಚಿಂಗ್ ಸೆಂಟರಿನಲ್ಲಿ ಹೆಂಗಸರು “ಟಿವಿವಾಲಾ ಬ್ಲೌಸ್” ಎಂದು ಕಡು ನೀಲಿ ಬಟ್ಟೆ ಕೇಳುವುದನ್ನು ನಾನೇ ಕೇಳಿದ್ದೇನೆ. ಈ ಫ್ಯಾಶನ್ ನನ್ನಿಂದ ಹುಟ್ಟಿತೆಂದು ನಾನು ಹೇಳುವುದಿಲ್ಲ. ಬೇರೆಯವರು ಹೇಳಿದರೆ ಅಲ್ಲವೆನ್ನುವುದೂ ಇಲ್ಲ.

ಕೆಲಸದಿಂದ ನಿವೃತ್ತಳಾಗುವ ತನಕ ಎಷ್ಟೋ ಜನರಿಗೆ ಉಡಿಸಿದೆ, ಬಣ್ಣದ ಟಿವಿ ಬಂದ ಮೇಲೂ. ಕಲಿಯಲು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೆ. ಉಡಿಸಿದ ಕೂಡಲೇ ಕನ್ನಡಿ ತೋರಿಸಬೇಡಿ, ಮೊದಲು ಮಾತಾಡಿಸಿ. ಬಟ್ಟೆ ಅವರದಾಗಿದ್ದರೆ ಧ್ವನಿಯೂ ಅವರದಾಗಿರುತ್ತದೆ. ಈ ಪಾಠವನ್ನು ನಾನು ಕಲಿತದ್ದು ವಾರಿಜೆಯಿಂದ, ಅದಕ್ಕೆ ಮೊಹರು ಒತ್ತಿದವಳು ನಮ್ಮವ್ವ.

ವಾರಿಜಾ ಮೊದಲ ಸಲ ತೆರೆಯ ಮೇಲೆ ಬಂದ ಆ ಶುಕ್ರವಾರ ನನಗೆ ರಜೆ ಇತ್ತು. ನಮ್ಮ ಬಿಲ್ಡಿಂಗಿನಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಎಲ್ಲರೂ ಅಲ್ಲೇ ನೆಲದ ಮೇಲೆ ಕೂತಿದ್ದೆವು. ಅದೇ ಅಬ್ಬಲಿಗೆ ಸೀರೆಯಲ್ಲಿ ವಾರಿಜಾ ಬಂದಳು, ನಮಸ್ಕಾರ ಮಾಡಿದಳು, ಮಾತಾಡಿ ಹೋದಳು. ಹಿನ್ನೆಲೆಯ ಕತೆ ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಪಕ್ಕದ ಗುಜರಾತಿ ಹೆಂಗಸು, ಸೀರೆ ಬೂದು ಇರಬೇಕು ಎಂದಳು. ಇನ್ನೊಬ್ಬಳು ತಿಳಿ ನೀಲಿ ಎಂದಳು. ಅವ್ವ ಅಡಿಕೆ ಕತ್ತರಿಸುತ್ತಿದ್ದವಳು ತಲೆ ಅಲ್ಲಾಡಿಸಿದಳು.

“ಕೆಂಪೋ ಕೇಸರಿನೋ, ಉರಿಯೋ ಬಣ್ಣ ಉಟ್ಟಾಳ ಆಕಿ.”

“ಹೆಂಗ ಗೊತ್ತಾತಬೇ ನಿನಗ?” ಎಂದೆ.

“ಕುಂತಿದ್ದು ನೋಡಲಿಲ್ಲೇನು? ಬೂದಿ ಬಣ್ಣ ಉಟ್ಟಾಕಿ ಹಂಗ ಕುಂಡ್ರೂದಿಲ್ಲ,” ಎಂದು ಅವ್ವ ಅಡಿಕೆ ಬಾಯಿಗೆ ಹಾಕಿಕೊಂಡಳು.